‘ಚಾವಿ’ ಶಬ್ದದ ಪೂರ್ವೋತ್ತರ

ಶಬ್ದಕ್ಕೆ ಪ್ರತಿಶಬ್ದವನ್ನು ಇಟ್ಟಮಾತ್ರಕ್ಕೆ ಭಾಷಾಂತರವಾಗದೆಂಬುದಕ್ಕೆ ಇಂಗ್ಲಿಷಿನ ‘ಕೀ’ ಎಂಬ ನಾಮಪದವು ಒಳ್ಳೆಯ ನಿದರ್ಶನ. ಇದರ ಮುಖ್ಯಾರ್ಥವು ಬೀಗದ ಕೈ. ಪ್ರಶ್ನೆಗಳ ಉತ್ತರಪಟ್ಟಿಯೂ, ಭೂಪಟದ ಚಿಹ್ನೆಗಳ ವಿವರಣೆಯೂ, ಪಿಯಾನೋ ವಾದ್ಯದಲ್ಲಿ ಬೆರಳಿನಿಂದ ಒತ್ತುವ ಮನೆಯೂ, ಪಾಶ್ಚಾತ್ಯ ಸಂಗೀತದ ಆಧಾರಶ್ರುತಿಯೂ ಅದೇ ಹೆಸರನ್ನು ಪಡೆದಿವೆ. ಮುಚ್ಚಿದ್ದನ್ನು ತೆರೆಯುವುದೆಂಬ ಧರ್ಮವನ್ನು ಹಿಡಿದು ಇವುಗಳಲ್ಲಿ ಕೆಲವು ಲಕ್ಷಣೆಯಿಂದ ಹುಟ್ಟಿದವು. ಅಮೆರಿಕದ ‘ಕೀ ವೆಸ್ಟ್’ ಎಂಬ ದ್ವೀಪದ ಹೆಸರಿನಲ್ಲಿರುವ ‘ಕೀ’ಯಾದರೋ ಬೇರೆಯೇ, ಅದು ಸಣ್ಣ ದ್ವೀಪವೆಂಬ ಅರ್ಥದ ಸ್ಪ್ಯಾನಿಷ್ ‘ಕಾಯೊ’ ಶಬ್ದದಿಂದ ಬಂದುದು. ರೂಪವೊಂದೇ, ವ್ಯುತ್ಪತ್ತಿ ಬೇರೆ.

ಪೋರ್ತುಗೀಸ್ ಭಾಷೆಗೆ ಬಂದರೆ ಈ ನಾನಾರ್ಥಗಳೆಲ್ಲ ಚದುರಿಹೋಗುತ್ತವೆ. ಬೀಗದ ಕೈಗೆ ‘ಶಾವ್’, ವಾದ್ಯದ ಮನೆಗೆ ‘ತೆಕ್ಲ’, ಶ್ರುತಿಗೆ ‘ತೋಂ’, ಭೂಪಟದ ವಿವರಣೆಗೆ ‘ಲೆಜೆಂದ’, ಬ್ರೆಜಿಲ್ ದೇಶದಲ್ಲಿ ಉತ್ತರಪಟ್ಟಿಗೆ ‘ಗಬರಿತೊ’. ಅತ್ತ, ಬೋಲ್ಟು ಬಿಗಿಸುವ ಪಾನಾ ಕೂಡ ಅವರಿಗೆ ‘ಶಾವ್’ ಆಗಿದೆ. ಆದುದರಿಂದ ನಿಘಂಟಿನ ಮೊದಲ ಅರ್ಥವನ್ನೇ ನಂಬಿದ ಭಾಷಾಂತರಕಾರನು ವಾದ್ಯಕ್ಕೆ ಬೀಗ ಹಾಕಿದಂತಾಗುವುದು.

ಈ ಶಬ್ದದ ಮೂಲವು ಲ್ಯಾಟಿನ್ನಿನ ‘ಕ್ಲಾವಿಸ್’. ಲ್ಯಾಟಿನ್ ಪದಗಳ ಆದಿಯಲ್ಲಿದ್ದ ಕ್ಲ, ಪ್ಲ, ಫ್ಲಗಳು ಪೋರ್ತುಗೀಸಿನಲ್ಲಿ ಅನೇಕ ಕಡೆ ಚಕಾರವಾದವು. ಮಳೆಯೆಂಬರ್ಥದ ‘ಪ್ಲೂವಿಯ’ವು ‘ಚೂವ’ವಾಯಿತು, ಜ್ವಾಲೆಯೆಂಬರ್ಥದ ‘ಫ್ಲಮ್ಮ’ವು ‘ಚಾಮ’ವಾಯಿತು, ಹಾಗೆಯೇ ‘ಕ್ಲಾವಿಸ್’ ಎಂಬುದು ‘ಚಾವೆ’ಯಾಯಿತು. ವಿದ್ವಾಂಸರು ಅದೇ ಮೂಲವನ್ನು ಸಂಗೀತಲಿಪಿಯ ಒಂದು ಚಿಹ್ನೆಗೆ ‘ಕ್ಲಾವೆ’ ಎಂದು ಮತ್ತೆ ತಂದುಕೊಂಡರು. ಹೀಗೆ ಒಂದೇ ಮೂಲದಿಂದ ತದ್ಭವವೊಂದು, ತತ್ಸಮದಂಥದ್ದೊಂದು ಅಕ್ಕಪಕ್ಕದಲ್ಲಿ ನಿಂತವು.

1510ರಲ್ಲಿ ಅಫೋನ್ಸೊ ದ ಅಲ್ಬುಕರ್ಕನು ಗೋವೆಯನ್ನು ಗೆದ್ದನು. ಅಲ್ಲಿ ಪೋರ್ತುಗೀಸರ ಆಳಿಕೆಯು 1961ರವರೆಗೂ ನಡೆಯಿತು. ಆ ಸಂಪರ್ಕದಿಂದ ಪಡುಗಡಲ ನಾಡುಗಳಿಗೆ ಪಾದ್ರಿ, ಇಗರ್ಜಿ, ಬಟಾಟೆಗಳೊಡನೆ ‘ಚಾವೆ’ಯೂ ಬಂದಿತು. ಕೊಂಕಣಿ, ಮರಾಠಿ, ಕನ್ನಡಗಳಲ್ಲಿ ಅದು ‘ಚಾವಿ’, ಹಿಂದಿಯಲ್ಲಿ ‘ಚಾಬಿ’. ಗೋವೆಯಲ್ಲಿ ಹುಟ್ಟಿದ ಪಂಡಿತ ಸೆಬಾಸ್ತಿಯಾಂವ್ ರೊದೊಲ್ಫೊ ದಲ್ಗಾದೊ ಅವರು ಏಷ್ಯದ ಭಾಷೆಗಳಲ್ಲಿ ಸೇರಿದ ಪೋರ್ತುಗೀಸ್ ಶಬ್ದಗಳನ್ನು ಕಲೆಹಾಕಿ 1913ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು.

ಇಲ್ಲೊಂದು ಸ್ವಾರಸ್ಯವುಂಟು. ಹದಿನೇಳನೆಯ ಶತಮಾನದಿಂದೀಚೆಗೆ ಲಿಸ್ಬನ್ ಕಡೆಯ ಉಚ್ಚಾರಣೆಯಲ್ಲಿ ಚಕಾರವು ಸವೆದು ಶಕಾರವಾಯಿತು. ಆ ರಾಜಧಾನಿಯು ಕಳೆದುಕೊಂಡ ಹಳೆಯ ಧ್ವನಿಯನ್ನು ಹುಬ್ಬಳ್ಳಿಯ ಅಂಗಡಿಕಾರನು ಅರಿಯದೆಯೇ ಕಾಪಾಡಿಕೊಂಡು ಬಂದಿದ್ದಾನೆ.

‘ಕೀಲಿ’ ಎಂಬುದೂ ಇಂಗ್ಲಿಷಿನ ‘ಕೀ’ಯಿಂದ ಬಂದಿತೆಂದು ಕೆಲವರು ಭಾವಿಸುವುದುಂಟು, ಅದು ತಪ್ಪು. ಅದು ಮೊಳೆ, ಗೂಟ ಎಂಬರ್ಥದ ಸಂಸ್ಕೃತ ‘ಕೀಲ’ದ ಸಂತತಿ. ಧ್ವನಿಸಾಮ್ಯವು ಬಾಂಧವ್ಯಕ್ಕೆ ಸಾಕ್ಷಿಯಲ್ಲ. ಕೀಲಿಕೈ, ಬೀಗದ ಕೈ, ಚಾವಿ ಎಂಬ ಮೂರೂ ಒಂದೇ ಬಾಗಿಲನ್ನು ತೆರೆಯುತ್ತವೆ. ಆದರೆ ಒಂದೊಂದರ ಹಿಂದೆಯೂ ಒಂದೊಂದು ಚರಿತ್ರೆಯಿದೆ. ಅದನ್ನು ತಿಳಿದವನಿಗೆ ಪರಭಾಷೆಯ ಪದವು ಪರಕೀಯವೆನಿಸದು, ಸ್ವಭಾಷೆಯ ಪದವು ಅಲ್ಪವೆನಿಸದು.