ಮೈಸೂರು ರಾಜ್ಯದ ವಾಣಿಜ್ಯನೌಕೆಗಳು: ಒಂದು ಪರಿಶೀಲನೆ

ಮೈಸೂರಿನ ಜಯಲಕ್ಷ್ಮೀಪುರದಲ್ಲಿ ನೆಲೆಸಿರುವ ನಮಗೆ ಸಮುದ್ರವು ಘಟ್ಟಗಳಾಚೆಯ ದೂರವಸ್ತುವಾಗಿ ತೋರುವುದು ಸಹಜವೇ ಆದರೂ, ನೆರೆಯ ಶ್ರೀರಂಗಪಟ್ಟಣವು ರಾಜಧಾನಿಯಾಗಿದ್ದ ಕಾಲದಲ್ಲಿ ಈ ರಾಜ್ಯಕ್ಕೆ ಸೇರಿದ ಹಡಗುಗಳು ಅರಬ್ಬೀ ಸಮುದ್ರವನ್ನು ದಾಟಿ ವ್ಯಾಪಾರಕ್ಕೆ ಹೋಗುತ್ತಿದ್ದುವೆಂಬುದು ಇತಿಹಾಸಸಿದ್ಧವಾದ ಸಂಗತಿ. ಸರಕನ್ನು ಉತ್ಪಾದಿಸುವ ರಾಜ್ಯವು ಅದನ್ನು ಸಾಗಿಸುವ ನೌಕೆಗಳಿಗೂ ಒಡೆಯನಾಗದಿದ್ದರೆ ಲಾಭದ ಗಣ್ಯಭಾಗವು ಪರರ ಪಾಲಾಗುವುದೆಂಬ ಅರ್ಥನೀತಿಯನ್ನು ಮೈಸೂರು ಅಂದೇ ಗ್ರಹಿಸಿದ್ದಿತೆಂಬುದನ್ನೂ, ಆ ಪ್ರಯತ್ನವು ಏತಕ್ಕೆ ಫಲಿಸಲಿಲ್ಲವೆಂಬುದನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಮಂಗಳೂರು, ಹೊನ್ನಾವರ ಮೊದಲಾದ ರೇವುಗಳು ವಶವಾದುವು. ಘಟ್ಟದ ತೇಗವೂ ಕರಾವಳಿಯ ಕುಶಲ ನಾವಿಕರೂ ದೊರೆತುದರಿಂದ ಆತನು ನೌಕಾಬಲವನ್ನು ಕಟ್ಟಲಾರಂಭಿಸಿದನು. ಆದರೆ 1780ರಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನ ರೇವಿನಲ್ಲಿಯೇ ಆ ಹಡಗುಗಳನ್ನು ನಾಶಮಾಡಿದನು.

ಹೈದರನ ಮಗ ಟಿಪ್ಪುಸುಲ್ತಾನನ ದೃಷ್ಟಿಯು ಕಡಲಿನ ವಿಷಯದಲ್ಲಿ ಯುದ್ಧಕ್ಕಿಂತ ವಾಣಿಜ್ಯದ ಕಡೆಗೆ ಹೆಚ್ಚಾಗಿ ಹರಿಯಿತು. ಮಸ್ಕತ್ತಿನಲ್ಲಿದ್ದ ಮೈಸೂರಿನ ಕೋಠಿಯ, ಎಂದರೆ ವ್ಯಾಪಾರಗೃಹದ, ದರೋಗನಾದ (ಮೇಲ್ವಿಚಾರಕನಾದ) ಮೀರ್ ಕಾಜಿಮನಿಗೆ ಆತನು ಬರೆಯಿಸಿದ ಪತ್ರಗಳು ಇಂಗ್ಲಿಷ್ ಅಧಿಕಾರಿ ಕರ್ಕ್‌ಪ್ಯಾಟ್ರಿಕ್‌ನ 1811ರ ಸಂಪುಟದಲ್ಲಿ ಅನುವಾದಗೊಂಡಿವೆ. ಗಂಧದ ಮರ, ಮೆಣಸು, ಏಲಕ್ಕಿಗಳನ್ನು ಬೆಲೆ ನೋಡಿ ಮಾರಬೇಕೆಂಬ ಎಚ್ಚರಿಕೆಯೂ, ರೇಷ್ಮೆಹುಳುಗಳನ್ನೂ ಹಡಗು ಕಟ್ಟುವ ಕುಶಲಕರ್ಮಿಗಳನ್ನೂ ಕಳುಹಿಸಬೇಕೆಂಬ ಅಪ್ಪಣೆಯೂ ಅವುಗಳಲ್ಲಿ ಕಾಣಬರುತ್ತವೆ. 1786ರಲ್ಲಿ ತದಡಿಯಿಂದ ಹೊರಟು ಮಸ್ಕತ್ತಿನ ಮಾರ್ಗವಾಗಿ ಬಸ್ರಾಕ್ಕೆ ಸಾಗಿದ ನಾಲ್ಕು ಹಡಗುಗಳು ತುರ್ಕಿಯ ಸುಲ್ತಾನನಲ್ಲಿಗೆ ರಾಯಭಾರಿಗಳನ್ನು ಮಾತ್ರವಲ್ಲದೆ ಮಾರಾಟದ ಸರಕನ್ನೂ ಹೊತ್ತಿದ್ದುವು. ಬಸ್ರಾದ ರೇವನ್ನು ತನಗೆ ಗುತ್ತಿಗೆಗೆ ಕೊಟ್ಟರೆ ಮಂಗಳೂರಿನಲ್ಲಿ ಪ್ರತಿಯಾಗಿ ಸೌಕರ್ಯವನ್ನೊದಗಿಸುವೆನೆಂಬ ಟಿಪ್ಪುವಿನ ಪ್ರಸ್ತಾಪವು ಅಲ್ಲಿ ಅಂಗೀಕೃತವಾಗಲಿಲ್ಲ. ಆ ಹಡಗುಗಳಲ್ಲಿ ಕೆಲವು ನಾಶವಾದುವು. ಹೋದವರಲ್ಲಿ ಬಹುಜನರು ರೋಗಾದಿಗಳಿಂದ ಮಡಿದರು.

ಆದಾಗ್ಯೂ ಯತ್ನವು ನಿಲ್ಲಲಿಲ್ಲ. ಅನಂತರದ ವಾಣಿಜ್ಯಶಾಸನಗಳು ರಾಜ್ಯದ ಕೋಠಿಗಳಲ್ಲಿ ಪ್ರಜೆಗಳೂ ಹಣ ತೊಡಗಿಸಬಹುದೆಂದೂ, ಅಲ್ಪಮೊತ್ತದವರಿಗೆ ಹೆಚ್ಚಿನ ಪ್ರಮಾಣದ ಲಾಭ ಸಲ್ಲಬೇಕೆಂದೂ ವಿಧಿಸಿದುವು. 1796ರ ಶಾಸನವು ಮಂಗಳೂರು, ಮಿರ್ಜಾನ, ಸದಾಶಿವಗಡಗಳಲ್ಲಿ ನೌಕಾನಿರ್ಮಾಣವನ್ನು ಯೋಜಿಸಿತು. ಇಷ್ಟೆಲ್ಲ ದೂರದೃಷ್ಟಿಯಿದ್ದೂ, ಮುಖ್ಯ ಸರಕುಗಳ ಏಕಸ್ವಾಮ್ಯವನ್ನು ರಾಜ್ಯವೇ ಹಿಡಿದುದರಿಂದ, ಪರಂಪರೆಯಿಂದ ಸಮುದ್ರವನ್ನು ಬಲ್ಲ ಕರಾವಳಿಯ ವರ್ತಕರು ಪಾಲುದಾರರಾಗುವುದಕ್ಕೆ ಬದಲು ಕೇವಲ ಆಜ್ಞಾಧಾರಕರಾದರೆಂಬುದು ನನ್ನ ಅಭಿಪ್ರಾಯ. ಯೋಜನೆಯು ಬೇರೂರುವುದಕ್ಕೆ ಬೇಕಾದ ಕಾಲಾವಕಾಶವನ್ನು ಯುದ್ಧಗಳೂ ಕೊಡಲಿಲ್ಲ.

1799ರಲ್ಲಿ ಟಿಪ್ಪುವಿನ ಪತನದೊಡನೆ ಕರಾವಳಿಯು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಮುಂಬಯಿಯಿಂದ ಸಿಂಧಿಯಾ ಹಡಗುಸಂಸ್ಥೆಯ ‘ಲಾಯಲ್ಟಿ’ ಹಡಗು 1919ರಲ್ಲಿ ಲಂಡನ್ನಿಗೆ ಹೊರಟು ಭಾರತೀಯ ನೌಕಾವಾಣಿಜ್ಯಕ್ಕೆ ಹೊಸ ಚೈತನ್ಯವನ್ನು ತಂದಾಗ ಮೈಸೂರಿಗೆ ಸ್ವಂತ ಕಡಲತೀರವೇ ಇರಲಿಲ್ಲ. ಅದು ಮರಳಿ ದೊರೆತುದು 1956ರ ಏಕೀಕರಣದಿಂದ. 1974ರಲ್ಲಿ ನವಮಂಗಳೂರು ಪ್ರಧಾನ ಬಂದರೆನಿಸಿತು. ಬಂದರಿದ್ದ ಮಾತ್ರಕ್ಕೆ ನೌಕಾವಾಣಿಜ್ಯವು ಸಿದ್ಧಿಸದು. ಸ್ವಂತ ಹಡಗು, ನುರಿತ ನಾವಿಕ, ವರ್ತಕರ ವಿಶ್ವಾಸ ಈ ಮೂರೂ ಕೂಡಬೇಕೆಂಬುದೇ ಈ ಇತಿಹಾಸದ ನಿರ್ಣಯ. ಶ್ರೀರಂಗಪಟ್ಟಣದ ಪಾರಸಿ ಪತ್ರಗಳನ್ನು ಕರಾವಳಿಯ ಕನ್ನಡ, ಕೊಂಕಣಿ ದಾಖಲೆಗಳೊಡನೆ ಹೋಲಿಸಿ ಅಧ್ಯಯನ ಮಾಡುವ ಕಾರ್ಯವನ್ನು ಮೈಸೂರಿನ ತರುಣ ವಿದ್ವಾಂಸರು ಕೈಗೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.