ದಾದಿಯ ಕಣ್ಣು, ಕೈ, ಮಾತು

ವೈದ್ಯಶಾಸ್ತ್ರದ ಚರಿತ್ರೆಯೆಂದರೆ ಔಷಧಗಳನ್ನು ಕಂಡುಹಿಡಿದವರ, ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದವರ ಕಥೆಯೆಂದೇ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ನಡುರಾತ್ರಿಯಲ್ಲಿ ರೋಗಿಯೊಬ್ಬನ ಉಸಿರು ಇದ್ದಕ್ಕಿದ್ದಂತೆ ಕೆಟ್ಟರೆ ಅವನ ಬಳಿಗೆ ಮೊದಲು ಓಡಿಬರುವವಳು ದಾದಿ. ಹಾಗೆ ಬಂದವಳಿಗೆ ಏನು ಮಾಡುವ ಅಧಿಕಾರವಿತ್ತು? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳಲ್ಲಿ ಇನ್ನೊಂದು ಚರಿತ್ರೆ ಅಡಗಿದೆ.

1853ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆ ವಹಿಸಿಕೊಂಡರು. ಅಲ್ಲಿ ಅವರು ಕೇಳಿದ ಸೌಕರ್ಯಗಳಲ್ಲಿ ಗಂಟೆಯೂ ಒಂದು. ರೋಗಿ ಕರೆದರೆ ಅದು ಆ ಮಹಡಿಯ ದಾದಿಯ ಬಾಗಿಲ ಹೊರಗೇ ಸದ್ದು ಮಾಡಬೇಕು. ಯಾರು ಕರೆದರೆಂಬುದನ್ನು ತೋರುವ ಮುಚ್ಚಳ ಅವಳು ಬಂದು ನೋಡುವ ತನಕ ತೆರೆದೇ ಇರಬೇಕು. ಮರುವರ್ಷದ ನವೆಂಬರಿನಲ್ಲಿ ಅವರು 38 ಮಹಿಳೆಯರೊಡನೆ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದದ್ದು ಎಲ್ಲರಿಗೂ ತಿಳಿದ ಸಂಗತಿ. ಶುಶ್ರೂಷೆಯನ್ನು ಕುರಿತು 1859ರಲ್ಲಿ ಅವರು ಬರೆದ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವ ಬಗೆಗೇ ಒಂದು ಅಧ್ಯಾಯವಿದೆ. ಹೀಗೆ ದಾದಿಯ ಕಣ್ಣಿಗೆ ಮನ್ನಣೆ ದೊರೆಯಿತು. ಕೈಗೆ ಮಾತ್ರ ದೊರೆಯಲಿಲ್ಲ. ಕಂಡದ್ದನ್ನು ವೈದ್ಯನಿಗೆ ತಿಳಿಸಿ ಅಪ್ಪಣೆಗಾಗಿ ಕಾಯುವುದೇ ಅವಳ ಶಿಸ್ತೆನಿಸಿತು.

ಜ್ವರದ ರೋಗಿಯ ವಿಷಯದಲ್ಲಿ ಹೀಗೆ ಕಾಯಬಹುದು; ಹೃದಯ ಕಾಯುವುದಿಲ್ಲ. ಹೃದಯಾಘಾತವಾದ ಕೆಲವರಲ್ಲಿ ಹೃದಯವು ಲಯ ತಪ್ಪಿ ಬರಿದೇ ಕಂಪಿಸತೊಡಗುತ್ತದೆ, ರಕ್ತವನ್ನು ತಳ್ಳುವುದಿಲ್ಲ. ನಾಲ್ಕಾರು ನಿಮಿಷಗಳಲ್ಲಿ ಮಿದುಳು ಕೆಡಲು ತೊಡಗುತ್ತದೆ. ಬಾಸ್ಟನ್ನಿನ ಪಾಲ್ ಜಾಲ್ ಎದೆಯನ್ನು ಸೀಳದೆ ಹೊರಗಿನಿಂದಲೇ ವಿದ್ಯುದಾಘಾತ ಕೊಟ್ಟು ಇಂಥ ಹೃದಯವನ್ನು ಲಯಕ್ಕೆ ತರಬಹುದೆಂದು 1956ರಲ್ಲಿ ತೋರಿಸಿದರು. 1960ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮೂವರು ಸಂಶೋಧಕರು, ಅಂಗೈಗಳಿಂದ ಎದೆಯನ್ನು ಒತ್ತಿ ರಕ್ತಸಂಚಾರವನ್ನು ಉಳಿಸಬಹುದೆಂದು ವರದಿ ಮಾಡಿದರು. ಅವರ 20 ರೋಗಿಗಳಲ್ಲಿ 14 ಮಂದಿ ಬದುಕಿದರು. ಈ ಕೆಲಸಕ್ಕೆ ಶಸ್ತ್ರವೈದ್ಯನೇ ಬೇಕೆಂದಿರಲಿಲ್ಲ. ಕಲಿತ ಎರಡು ಕೈಗಳು ಸಾಕಾಗಿದ್ದವು.

ಆದರೂ ಆ ಕೈಗಳು ಹೊತ್ತಿಗೆ ಸರಿಯಾಗಿ ಬರಬೇಕಲ್ಲ! ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹ್ಯೂಸ್ ಡೇ ಎಂಬ ವೈದ್ಯರು ಉಪಕರಣಗಳನ್ನು ಗಾಡಿಯಲ್ಲಿಟ್ಟು ವಾರ್ಡಿನಿಂದ ವಾರ್ಡಿಗೆ ಓಡಿಸಿ ನೋಡಿದರು. ಗಾಡಿ ತಲಪುವಷ್ಟರಲ್ಲಿ ಬಹುಪಾಲು ಕಾಲ ಮಿಂಚಿರುತ್ತಿತ್ತು. 1962ರ ಮೇ ತಿಂಗಳಲ್ಲಿ ಅವರು ಹೃದ್ರೋಗಿಗಳನ್ನೆಲ್ಲ ಒಂದೆಡೆ ಇರಿಸಿ, ಹೃದಯದ ಬಡಿತವನ್ನು ಯಂತ್ರದಲ್ಲಿ ಸದಾ ನೋಡುತ್ತಿರುವ ಪ್ರತ್ಯೇಕ ಘಟಕವನ್ನು ತೆರೆದರು.

ಯಂತ್ರ ಅಪಾಯವನ್ನು ತೋರಿಸುತ್ತದೆ ನಿಜ. ತೋರಿಸಿದ ಮೇಲೆ ವೈದ್ಯನಿಗೆ ಹೇಳಿಕಳುಹಿಸಿ ಕುಳಿತರೆ ಯಂತ್ರವೂ ಸಾವಿಗೊಂದು ಸಾಕ್ಷಿಯಷ್ಟೆ. ವೈದ್ಯನಾದರೋ ಹಗಲಿರುಳೂ ಹಾಸಿಗೆಯ ಬಳಿ ಇರಲಾರ. ಇರುವವಳು ದಾದಿ. ಈ ಸರಳ ಸತ್ಯವನ್ನು ಒಪ್ಪಿಕೊಂಡವರು ಫಿಲಡೆಲ್ಫಿಯಾದ ವೈದ್ಯ ಲಾರೆನ್ಸ್ ಮೆಲ್ಟ್ಜರ್ ಮತ್ತು ದಾದಿ ರೋಸ್ ಪಿನ್ನಿಯೊ. 1963ರಲ್ಲಿ ತೊಡಗಿದ ಅವರ ಪ್ರಯೋಗದಲ್ಲಿ ದಾದಿಯರು ಹೃದಯದ ರೇಖೆಗಳನ್ನು ಓದಲು ಕಲಿತರು. ಲಯ ತಪ್ಪಿದರೆ ಅಪ್ಪಣೆಗೆ ಕಾಯದೆ ತಾವೇ ವಿದ್ಯುದಾಘಾತ ಕೊಡುವ ಅಧಿಕಾರವನ್ನೂ ಪಡೆದರು. 1965ರಲ್ಲಿ ದಾದಿಯರಿಗಾಗಿಯೇ ಒಂದು ಕೈಪಿಡಿ ಹೊರಬಂತು. ಇಂಥ ಘಟಕಗಳು ಹರಡಿದ ಮೇಲೆ, ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರ ಸಾವು ನೂರಕ್ಕೆ ಸುಮಾರು 30ರಿಂದ 15ರ ಆಸುಪಾಸಿಗೆ ಇಳಿಯಿತು.

ಉಳಿದ ವಾರ್ಡುಗಳ ಸ್ಥಿತಿ ಬೇರೆಯಾಗಿತ್ತು. ಅಲ್ಲಿ ಆಪತ್ತು ಸಿಡಿಲಿನಂತೆ ಎರಗುವುದು ಕಡಿಮೆ. ಮೆಲ್ಲನೆ ಹೆಜ್ಜೆಯಿಟ್ಟು ಬರುವುದೇ ಹೆಚ್ಚು. ಮಯಾಮಿಯಲ್ಲಿ ಆಸ್ಪತ್ರೆಯಲ್ಲಿದ್ದಾಗಲೇ ಹೃದಯ ನಿಂತ 64 ರೋಗಿಗಳ ಕಾಗದಪತ್ರಗಳನ್ನು ಪರಿಶೀಲಿಸಿದಾಗ, ನೂರಕ್ಕೆ 84 ಮಂದಿಯಲ್ಲಿ ಎಂಟು ಗಂಟೆಗಳ ಒಳಗೇ ಸ್ಥಿತಿ ಹದಗೆಟ್ಟ ಸೂಚನೆಗಳು ದಾಖಲಾಗಿದ್ದುದು ಕಂಡುಬಂತು. 1990ರಲ್ಲಿ ಪ್ರಕಟವಾದ ಈ ಅಧ್ಯಯನ ಕಣ್ಣು ತೆರೆಸುವಂಥದು. ಕಣ್ಣು ಕಂಡಿತ್ತು, ಲೇಖನಿ ಬರೆದಿತ್ತು. ಕೇಳುವ ಕಿವಿ ಇರಲಿಲ್ಲ.

ಅದೇ ವರ್ಷ ಆಸ್ಟ್ರೇಲಿಯದ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ತುರ್ತು ವೈದ್ಯತಂಡವೊಂದು ಸಿದ್ಧವಾಯಿತು. ನಾಡಿ, ಉಸಿರು, ರಕ್ತದೊತ್ತಡ ಇಂತಿಷ್ಟು ಮಿತಿ ಮೀರಿದರೆ ದಾದಿ ಮೇಲಿನವರನ್ನು ಕೇಳದೆ ನೇರವಾಗಿ ಆ ತಂಡವನ್ನು ಕರೆಯಬಹುದು. ಇಂಥ ತಂಡಗಳನ್ನು ಕರೆಯಲು ಒಪ್ಪಿಕೊಂಡ ಕಾರಣಗಳ ಪಟ್ಟಿಯಲ್ಲಿ ಇನ್ನೊಂದೂ ಸೇರಿದೆ: ರೋಗಿಯನ್ನು ಕಂಡು ದಾದಿಗೆ ಆತಂಕವಾದರೆ ಅಷ್ಟೇ ಸಾಕು. ಅಂಕಿಗಳಿಗೆ ಸಿಗದ ಅನುಭವಕ್ಕೆ ದೊರೆತ ದೊಡ್ಡ ಗೌರವವಿದು. 2012ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆ ಅಂಕಿಗಳನ್ನೂ ಕ್ರಮಗೊಳಿಸಿತು. ಉಸಿರಾಟದಿಂದ ಪ್ರಜ್ಞೆಯವರೆಗೆ ಆರು ಲಕ್ಷಣಗಳನ್ನು ಅಳೆದು ಅಂಕ ಕೊಡಬೇಕು; ಮೊತ್ತ 7 ಮುಟ್ಟಿದರೆ ತುರ್ತು ಕರೆ ಹೋಗಬೇಕು.

ಕಣ್ಣಿಗೆ ಮನ್ನಣೆ ದೊರೆತ ಎಷ್ಟೋ ವರ್ಷಗಳ ಮೇಲೆ ಕೈಗೆ, ಅದಾದ ಎಷ್ಟೋ ವರ್ಷಗಳ ಮೇಲೆ ಮಾತಿಗೆ. ಈ ವಿಳಂಬಕ್ಕೆ ವಿದ್ಯೆಯ ಕೊರತೆಯೊಂದೇ ಕಾರಣವಾಗಿರಲಿಲ್ಲ. ಮೇಲುಕೀಳಿನ ಎಣಿಕೆಯೂ ಕಾರಣವಾಗಿತ್ತು. ಅದರ ಬೆಲೆ ತೆತ್ತವರು ಹಾಸಿಗೆಯಲ್ಲಿದ್ದವರು. ಇಂದು ಈ ಮೂರೂ ದಾದಿಗೆ ಸಲ್ಲುವವೆಂದು ನಾವು ಒಪ್ಪುತ್ತೇವೆ. ಆದರೆ ರಾತ್ರಿ ಪಾಳಿಯ ಒಬ್ಬಳಿಗೇ ಉದ್ದನೆಯ ವಾರ್ಡನ್ನು ಒಪ್ಪಿಸಿದರೆ, ಕೊನೆಯ ಹಾಸಿಗೆಯವನ ಉಸಿರಿನ ಏರುಪೇರು ಅವಳಿಗೆ ಕಾಣುವ ಬಗೆ ಹೇಗೆ? ಕೊಟ್ಟ ಅಧಿಕಾರ ಸಾರ್ಥಕವಾಗಬೇಕಾದರೆ, ರೋಗಿಯ ಬಳಿ ಒಂದು ಗಳಿಗೆ ನಿಲ್ಲುವ ಬಿಡುವನ್ನೂ ಅವಳಿಗೆ ಕೊಡಬೇಕು.