ಬೀಳ್ಕೊಡುವ ಮಾತಿನ ಬಾಳು

ಇಂಗ್ಲಿಷರ ವಿದಾಯವಚನಗಳಲ್ಲಿ ಗಂಭೀರವಾದ 'ಫೇರ್‌ವೆಲ್' ಈಗ ಒಂದೇ ಪದವಾಗಿ ತೋರಿದರೂ ಹುಟ್ಟಿನಲ್ಲಿ ಅದೊಂದು ಪೂರ್ಣ ವಾಕ್ಯ. 'ಫೇರ್' ಎಂಬ ಪ್ರಾಚೀನ ಧಾತುವಿಗೆ ಸಂಚರಿಸು, ಪ್ರಯಾಣ ಮಾಡು ಎಂದರ್ಥ. ಬಸ್ಸನ್ನೇರಿ ನಾವು ತೆರುವ 'ಫೇರ್' ಸಹ ಅದರ ಸಂತತಿಯೇ. ಆದುದರಿಂದ 'ಸುಖವಾಗಿ ಪಯಣಿಸು' ಎಂಬ ಈ ಹರಕೆ ಮೂಲತಃ ಹೊರಟು ನಿಂತವನಿಗೆ ಸಲ್ಲತಕ್ಕದ್ದು. ಹೊರಟವನಾದರೋ ಉಳಿದವರನ್ನು ದೇವರಿಗೆ ಒಪ್ಪಿಸಿ, ಫ್ರೆಂಚಿನಿಂದ ಬಂದ 'ಅಡ್ಯೂ' ಎಂಬುದನ್ನು ನುಡಿಯುತ್ತಿದ್ದನು. ಹೊಸ್ತಿಲ ಹೊರಗಿನವನಿಗೊಂದು, ಒಳಗಿನವನಿಗೊಂದು ಎಂಬ ಈ ವಿವೇಕವು ಕಾಲಕ್ರಮದಲ್ಲಿ ಅಳಿಸಿಹೋಯಿತು.

ದಿನಬಳಕೆಯ 'ಗುಡ್‌ಬೈ' ಕಥೆ ಬೇರೆ. 'ದೇವರು ನಿಮ್ಮೊಡನಿರಲಿ' ಎಂಬರ್ಥದ 'ಗಾಡ್ ಬಿ ವಿತ್ ಯಿ' ಎಂಬ ಪ್ರಾರ್ಥನೆ ಅವಸರದ ನಾಲಗೆಗಳಲ್ಲಿ ಸವೆದು ಸವೆದು, ಷೇಕ್ಸ್‌ಪಿಯರನ ನಾಟಕಗಳ 1623ರ ಸಂಪುಟದಲ್ಲಿ 'ಗಾಡ್ ಬೈ ಯು' ಎಂದು ಅಚ್ಚಾಗುವಷ್ಟು ಕುಗ್ಗಿತ್ತು. ಮುಂದೆ 'ಗುಡ್ ಡೇ', 'ಗುಡ್ ನೈಟ್'ಗಳ ಸಹವಾಸದಿಂದ 'ಗಾಡ್' ಹೋಗಿ 'ಗುಡ್' ಬಂದು ಕುಳಿತಿತು. ಆ 'ಗುಡ್' ಸಹ ಉದುರಿ ಇಂದು ಬರಿಯ 'ಬೈ' ಉಳಿದಿದೆ. ಕಟ್ಟಾ ನಾಸ್ತಿಕನೂ ಟೆಲಿಫೋನನ್ನು ಕೆಳಗಿಡುವಾಗ ಆಡುವುದು ಈ ಆಶೀರ್ವಚನದ ಚೂರನ್ನೇ.

ಹೆಚ್ಚು ಬಳಸಿದ ಮಾತು ಹೀಗೆ ಸವೆಯುತ್ತಿರಲು, ಬಳಕೆಯಿಂದ ಹಿಂದೆ ಸರಿದ ಮಾತು ತೂಕವನ್ನು ಗಳಿಸಿಕೊಂಡಿತು. 'ಫೇರ್ ಯು ವೆಲ್' ಎಂದು ನಡುವೆ 'ನೀನು' ಸೇರಲು ಎಡೆಯಿದ್ದ ವಾಕ್ಯವು ಬೆಸೆದು ನಾಮಪದವಾಯಿತು, ವಿಶೇಷಣವೂ ಆಯಿತು. ಸಂಜೆಗೆ ಮರಳಿ ಬರುವವನಿಗೆ ಅದನ್ನು ಹೇಳಿದರೆ ಪರಿಹಾಸ್ಯವಾಗುವಷ್ಟು ಅಂತಿಮತೆ ಅದಕ್ಕೆ ಬಂದಿತು. ಅಮೆರಿಕದ ಅಧ್ಯಕ್ಷ ವಾಷಿಂಗ್‌ಟನ್ನನ 'ಫೇರ್‌ವೆಲ್ ಅಡ್ರೆಸ್' ಎಂದು ಪ್ರಸಿದ್ಧವಾದ ಲೇಖನವು ಸಭೆಯಲ್ಲಿ ಆಡಿದ ಭಾಷಣವೇ ಅಲ್ಲ. 1796ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯದ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು. ಅದನ್ನು ಬರೆದವನು ತಾನು ಹೊರಡತಕ್ಕವನು, ಓದಿದವರು ಉಳಿಯತಕ್ಕವರು. ಹಳೆಯ ವಿವೇಕಕ್ಕೆ ಇದು ಸಂಪೂರ್ಣ ತಿರುವುಮುರುವು.

ನಮ್ಮ ಕಚೇರಿಗಳೂ ಶಾಲೆಗಳೂ ಈ ಪದವನ್ನು ಈ ಗಂಭೀರ ವೇಷದಲ್ಲಿಯೇ ಬರಮಾಡಿಕೊಂಡಿವೆ. ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿ ನಡೆಸುವ ಫೇರ್‌ವೆಲ್ ಮುಗಿದ ಮೇಲೆ, ನಿವೃತ್ತರಾದ ಮಹನೀಯರು ನಡೆದು ಸೇರುವುದು ಎರಡು ಬೀದಿಗಳಾಚೆಯ ತಮ್ಮ ಮನೆಯನ್ನೇ. ಪ್ರಯಾಣಕ್ಕೆಂದು ಹುಟ್ಟಿದ ಪದವು ಪ್ರಯಾಣವನ್ನು ಬಿಟ್ಟು, ಪದವಿಯನ್ನು ಹಿಡಿದು ಬದುಕುತ್ತಿದೆ.